ಅಂಗೈ ತಾಗುವಷ್ಟು ಹೊತ್ತು

ವಡೋದರಾಕ್ಕೆ ವರ್ಗವಾಗಿ ಬಂದಮೇಲೆ ಬ್ಯಾಂಕ್ ಉದ್ಯೋಗಿ ಮೇದಿನಿಗೆ ಕನ್ನಡ ಕೇಳಿಸುತ್ತಿದ್ದದ್ದು ಫೋನಿನಲ್ಲಿ ಮಾತ್ರ. ಅಂದು ಬಸ್ ನಿಲ್ದಾಣದ ಬೆಂಚಿನಲ್ಲಿ ಪಕ್ಕದಲ್ಲೇ ಇಬ್ಬರು ಹೆಂಗಸರು ಕನ್ನಡ ಮಾತಾಡುವುದು ಕಿವಿಗೆ ಬಿದ್ದು, ಅವಳು ಮೊಬೈಲನ್ನು ಚೀಲಕ್ಕೆ ಹಾಕಿ ಕೇಳುತ್ತ ಕುಳಿತಳು.

“ಇನ್ನೂ ಆ ಚೀನೀ ವ್ಯಾಯಾಮ, ತಾಯ್ ಚಿ ಕ್ಲಾಸಿಗೆ ಹೋಗ್ತೀರಾ, ಸುಲೋಚನಾ ಆಂಟಿ?” ಎಂದಳು ಕಿರಿಯವಳು.

“ಹೋಗದೆ ಏನು! ಮೊದಲು ತೂಕ ಇಳೀಲಿ ಅಂತ ಸೇರಿದೆ. ಇಳೀಲಿಲ್ಲ. ಆಮೇಲೆ ಮಂಡಿನೋವಿಗೆ ಅಂತ ಹೋದೆ.”

“ನೋವು ಹೋಯ್ತಲ್ಲ?”

“ಹೋಯ್ತು. ಕೊನೇಲಿ ಇಬ್ಬಿಬ್ಬರು ಎದುರುಬದುರು ನಿಂತು, ಅಂಗೈಗೆ ಅಂಗೈ ತಾಗಿಸಿ ಮೆಲ್ಲಗೆ ತಳ್ಳೋದು ಅಂತಿದೆ. ಈಗ ಹೋಗೋದು ಅದಕ್ಕೆ. ಅಂಕಲ್ ಹೋದಮೇಲೆ ನನ್ನ ಕೈ ಯಾರು ಹಿಡೀತಾರೆ ಹೇಳು? ಮಗ ಸೂರತ್‌ನಿಂದ ಬಂದ್ರೆ ಕಾಲು ಮುಟ್ಟಿ ನಮಸ್ಕಾರ ಮಾಡ್ತಾನೆ, ಅಷ್ಟೆ.”



“ನಾಳೆ ನಾನೂ ಬರ್ಲಾ ಆಂಟಿ?”

“ನಿನಗೇನಮ್ಮಾ? ಮನೇಲಿ ಗಂಡ, ಮಕ್ಕಳು ಎಲ್ಲಾ ಇದ್ದಾರೆ.”

“ಇದ್ದಾರೆ. ಆದ್ರೂ ಬರ್ತೀನಿ.”

ಅಷ್ಟರಲ್ಲಿ ಕೊಯಾಲಿಗೆ ಹೋಗುವ ಬಸ್ಸು ಬಂತು. ಇಬ್ಬರೂ ಎದ್ದು ಹತ್ತಿದರು. ಆ ಕ್ಲಾಸು ಎಲ್ಲಿ ನಡೆಯುತ್ತದೆ ಎಂದು ಕೇಳಲು ಮೇದಿನಿ ಎದ್ದು ನಿಲ್ಲುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು.