ಗೇಟಿನಲ್ಲಿ ಕಲ್ಯಾಣಿಯ ಫೋಟೊ

ಮಂಚೇನಹಳ್ಳಿಯಲ್ಲಿ ನಾನು ಗೌರಿಬಿದನೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ, ಕುಡುಮಲಕುಂಟೆಯ ಯಾವುದೋ ವಿದೇಶಿ ಕಂಪನಿಯ ನೀಲಿ ಅಂಗಿ ತೊಟ್ಟ ಇಬ್ಬರು ಹುಡುಗಿಯರು ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು.

“ಸಮಾನತೆ ವಾರ ಅಂತೆ ಕಣೇ ಕವಿತ. ಫ್ಯಾಕ್ಟರಿ ಗೇಟಲ್ಲಿ ನನ್ನ ಫೋಟೊ ದೊಡ್ಡದಾಗಿ ಹಾಕ್ತಾರಂತೆ.”

“ಒಳ್ಳೇದೇ ಅಲ್ವೇನೇ ಕಲ್ಯಾಣಿ?”

“ಕೆಳಗೆ ‘ದಲಿತ ಕೇರಿಯಿಂದ ಬಂದ ನಮ್ಮ ಮೊದಲ ಲೈನ್ ಲೀಡರ್’ ಅಂತ ಬರೀತಾರೆ.”

ಕವಿತಳ ಕೈ ಡಬ್ಬಿಯಲ್ಲೇ ನಿಂತಿತು.

“ಅಯ್ಯೋ, ನಮ್ಮ ದೊಡ್ಡಮ್ಮನ ಮಗ ದಿನಾ ಅದೇ ಗೇಟಲ್ಲಿ ಹೋಗ್ತಾನಲ್ಲೇ.”

“ಅದೇ ಭಯ. ಗೊತ್ತಾದ್ರೆ ನಿಮ್ಮ ದೊಡ್ಡಮ್ಮ ನನ್ನ ಕೈಲಿ ಮನೆ ಖಾಲಿ ಮಾಡಿಸ್ತಾರೆ. ಬಾಡಿಗೆಗೆ ಕೇಳೋಕೆ ಹೋದಾಗ್ಲೇ ‘ಯಾವ ಜನ’ ಅಂದ್ರು. ನೀನು ‘ನಮ್ಮೋರೇ’ ಅಂದೆ.”

“ಫೋಟೊ ಬೇಡ ಅಂತ ಎಚ್‌ಆರ್ ಮೇಡಂಗೆ ಹೇಳು.”

“ಹೇಳ್ದೆ. ಯಾಕೆ ಅಂದ್ರು. ಮನೆ ವಿಷಯಾನೂ ಹೇಳ್ದೆ. ಕಣ್ಣಲ್ಲಿ ನೀರು ತಂದ್ಕೊಂಡು ನನ್ನ ಕೈ ಹಿಡ್ಕೊಂಡ್ರು. ‘ಇದನ್ನೂ ಸೇರಿಸಿ ಬರೆಯೋಣಮ್ಮ, ಎಲ್ಲಾ ದೇಶದ ನಮ್ಮ ಆಫೀಸುಗಳಿಗೂ ಕಳಿಸ್ತೀನಿ’ ಅಂದ್ರು.”

ಕವಿತ ಡಬ್ಬಿಯಿಂದ ಕೈ ತೆಗೆದು ಒರೆಸಿಕೊಂಡಳು.

“ಕಲ್ಯಾಣಿ, ನಂಗೆ ಮೊದಲೇ ಗೊತ್ತಿತ್ತು ಅಂತ ಮಾತ್ರ ದೊಡ್ಡಮ್ಮಂಗೆ ಹೇಳ್ಬೇಡ ಕಣೇ.”

“ಇಲ್ಲ ಬಿಡು. ನಿಂಗೂ ಸುಳ್ಳು ಹೇಳಿದ್ದೆ ಅಂತೀನಿ.”

ಕಂಪನಿ ಬಸ್ಸು ಬಂತು. ಕವಿತ ತಿರುಗಿ ನೋಡದೆ ಹತ್ತಿದಳು. ಅರ್ಧ ಉಳಿದ ಡಬ್ಬಿಯನ್ನು ಮುಚ್ಚಿಕೊಂಡು ಕಲ್ಯಾಣಿಯೂ ಹತ್ತಿದಳು.