ಕೊನೆಯ ಅಂಕಿ ತೋರಿಸುವ ಕೈಪಟ್ಟಿ

ಷೆನ್‌ಜೆನ್ನಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಲಿಫ್ಟಿನ ಸಾಲಲ್ಲಿ ನಿಂತೇ ಮದುವೆಯಾಗಿ ಮಕ್ಕಳನ್ನು ಹೆತ್ತವರಿದ್ದಾರೆಂದು ಹಮಾಲಿ ಫೂ ಆಣೆಯಿಟ್ಟು ಹೇಳುತ್ತಾನೆ. ಇರುವೆ ಕೆಮ್ಮಿದರೂ ಅವನ ಕಿವಿಗೆ ಬೀಳುತ್ತದೆ. ಆ ಬೆಳಿಗ್ಗೆಯಾದರೋ ಕಿವುಡನಿಗೂ ಕೇಳಿಸುತ್ತಿತ್ತು. ನಾಡಿ ನೋಡುವ ಕೈಪಟ್ಟಿ ತಯಾರಿಸುವ ಎಂಜಿನಿಯರ್ ರುಯಿಲಾನ್ ತನ್ನ ಮ್ಯಾನೇಜರ್ ಕ್ವಾಂಗ್ ಮೇಲೆ ಸಾಲಿನಲ್ಲೇ ಹರಿಹಾಯುತ್ತಿದ್ದಳು.

"ನಾಡಿ ಸಿಗದಿದ್ರೆ ಖಾಲಿ ಗೆರೆ ತೋರಿಸ್ಬೇಕು ಅಂತ ನಾನು ಬರೆದಿದ್ದೆ. ಅಳಿಸಿದ್ದು ಯಾರು?"

"ಗೆರೆ ಕಂಡ್ರೆ ಕೆಟ್ಟೋಗಿದೆ ಅಂತ ಗಿರಾಕಿ ವಾಪಸ್ ತರ್ತಾನಮ್ಮ. ಅದಕ್ಕೇ ಕೊನೇ ಅಂಕಿ ಹಾಗೇ ನಿಲ್ಲಿಸಿದ್ವಿ."

"ನಿನ್ನೆ ಮಧ್ಯಾಹ್ನವೆಲ್ಲ ನನ್ನ ಫೋನಲ್ಲಿ ಅಮ್ಮನ ನಾಡಿ ಎಪ್ಪತ್ತೆರಡು. ಅಮ್ಮ ಅಡುಗೆಮನೇಲಿ ಪ್ರಜ್ಞೆ ತಪ್ಪಿ ಬಿದ್ದಿದ್ರು, ನಿಮ್ಮ ಪಟ್ಟಿ ಕಳಚಿ ಒಲೆ ಕೆಳಗಿತ್ತು!"

"ಈಗ ಹುಷಾರಾಗಿದ್ದಾರಲ್ಲ?"

"ಅದು ಪಕ್ಕದ ಮನೆಯವರ ಪುಣ್ಯ, ನಿಮ್ಮದಲ್ಲ."

"ಮೆಲ್ಲಗೆ ಮಾತಾಡು, ಮಾನ ಹೋಗತ್ತೆ. ಮೇಲೆ ಖರೀದಿದಾರರು ಕಾಯ್ತಿದ್ದಾರೆ, ನಗ್ತಾ ಬಾ."

ಅವಳು ಅವನ ಮಣಿಕಟ್ಟಿನಿಂದ ಪಟ್ಟಿ ಬಿಚ್ಚಿ, ಅವನು ಅರ್ಧ ತಿಂದಿದ್ದ, ಹಬೆಯಲ್ಲಿ ಬೇಯಿಸಿದ ಬನ್ನನ್ನು ಕಸಿದು ಅದಕ್ಕೆ ಬಿಗಿದಳು. ಸಾಲಿಗೆ ಸಾಲೇ ಕೊಕ್ಕರೆಯಂತೆ ಕತ್ತು ಚಾಚಿತು. ಪಟ್ಟಿಯಲ್ಲಿ ಇನ್ನೂ ಕ್ವಾಂಗನದೇ ಎಂಬತ್ತೆಂಟು!

"ನೋಡಿ ಮ್ಯಾನೇಜರೇ, ನಿಮ್ಮ ತಿಂಡಿಗೂ ಜೀವ ಬಂದಿದೆ. ಖರೀದಿದಾರರೂ ನೋಡ್ಲಿ."

"ಏಯ್, ಕೊಡಿಲ್ಲಿ ಅದನ್ನ!"

ಅಷ್ಟರಲ್ಲಿ ಲಿಫ್ಟ್ ಬಂತು. ಬನ್ನನ್ನು ಎದೆಗವುಚಿಕೊಂಡು ಅವಳು ಒಳಹೊಕ್ಕಳು. ಕ್ವಾಂಗ್ ಕಾಲಿಡುವಷ್ಟರಲ್ಲಿ ಆನೆಗಾತ್ರದ ಪೆಟ್ಟಿಗೆಯೊಂದು ಅಡ್ಡ ನಿಂತಿತು. ಅದನ್ನು ಹೊತ್ತವನು ಫೂ.

"ಜಾಗ ಇಲ್ಲ ಸಾಹೇಬ್ರೇ, ಮೆಟ್ಟಿಲು ಆ ಕಡೆ."