ತೊಳೆಯದ ಗೊಟ್ಟ

ಶೇಖವ್ವನ ಕರು ಸತ್ತದ್ದು ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ಎಂದು ಸೆಗಣಿ ಪರೀಕ್ಷೆಯಲ್ಲಿ ತಿಳಿದ ದಿನ, ರಾಣೆಬೆನ್ನೂರಿನ ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ಅಂದಾನೆಪ್ಪ ತನ್ನ ಆಡನ್ನು ಹಿಡಿದು ಸರದಿ ಕಾಯುತ್ತ ಕುಳಿತಿದ್ದ. ಪಕ್ಕದಲ್ಲಿ ಶೇಖವ್ವ, ಅವಳ ನೆರೆಮನೆಯ ಗದಿಗೆವ್ವ. ಕಣ್ಣೊರೆಸಿಕೊಳ್ಳುತ್ತಿದ್ದವಳು ಗದಿಗೆವ್ವ.

“ನನ್ನಿಂದನ ಹೋತವಾ ನಿನ್ನ ಕರ. ಭೇದಿ ಹತ್ತಿದ ಎಮ್ಮಿಗೆ ಔಷಧ ಕುಡಿಸಿದ ಬಿದರಿನ ಗೊಟ್ಟ, ತೊಳೀಲಾರದ ನಿನಗ ಕೊಟ್ಟೆ.”

“ಬೇಡಿ ಒಯ್ದಾಕಿ ನಾನರ ತೊಳದ್ನೇನು? ತೊಳದ್ರ ಔಷಧದ ಗುಣ ಹೋಗತೈತಿ ಅಂತಿದ್ಲು ನಮ್ಮತ್ತಿ.”

“ನಿಮ್ಮತ್ತಿ ಮಾತು ಇದೊಂದ ಕೇಳೀದಿ ನೋಡು!”

ಶೇಖವ್ವ ನಕ್ಕುಬಿಟ್ಟಳು. ಗದಿಗೆವ್ವ ಮತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡಳು.

“ಇನ್ನ ನಮ್ಮನಿ ಹೊಸ್ತಿಲ ತುಳಿಯಂಗಿಲ್ಲ ಬಿಡು ನೀ.”

“ಮತ್ತ ಸಂಜಿ ಚಹಾ ಯಾರ ಮನ್ಯಾಗ ಕುಡೀಲಿ? ಅಳಬ್ಯಾಡ. ಚೊಲೊ ಇದ್ದ ದನದ ಸೆಗಣ್ಯಾಗೂ ಅದು ಇರತೈತಿ ಅಂದ್ರಲ್ಲ ಡಾಕ್ಟರು. ಎಲ್ಲಿಂದ ಬಂತು ಅಂತ ಯಾರು ಹೇಳಾವ್ರು?”

“ಉಳದ ದನ?”

“ಅವುಕ್ಕೇನೂ ಇಲ್ಲಂತ. ಇನ್ನೊಂದು ಕರ ಚಿಗರಿಯಂಗ ಜಿಗದಾಡಾಕತ್ತೈತಿ.”

“ಆ ಗೊಟ್ಟ ಇವತ್ತ ಒಲಿಗೆ ಹಾಕತೇನಿ.”

“ಹಾಕು. ಹೊಸಾವು ಎರಡು ಮಾಡಸೂಣು, ನಿನಗೊಂದು, ನನಗೊಂದು. ಕುದಿಯೋ ನೀರಾಗ ತೊಳಿಯೂಣು. ಏಳು, ಐರಣಿ ಬಸ್ಸು ಹೊಕ್ಕೈತಿ.”

ಇಬ್ಬರೂ ಕೈಕೈ ಹಿಡಿದು ಗೇಟು ದಾಟಿದರು. ಅಂದಾನೆಪ್ಪ ಆಡಿನ ತಲೆ ಸವರುತ್ತ ಕಣ್ಣು ಮುಚ್ಚಿದ. ಶಿವನೇ, ಹುಲ್ಲಿನ ರುಚಿ ಕಾಣುವ ಮೊದಲೇ ಹೋದ ಆ ಎಳೆಯ ಜೀವಕ್ಕೆ ನಿನ್ನ ನಂದಿಯ ಮಗ್ಗುಲಲ್ಲಿ ನೆಮ್ಮದಿಯಾಗಿ ಮಲಗಲು ಜಾಗ ಕೊಡಪ್ಪ.